ಮೂರು ಗಂಟೆಗೊಮ್ಮೆ

"ಅತ್ತೆ, ಸ್ನಾನ ಮಾಡ್ಕೊಂಡು ಬರ್ತೀನಿ, ಒಂಚೂರು ಇಟ್ಕೊಂಡಿರಿ," ಎನ್ನುತ್ತಲೇ ಯಮಿಲಾ ಕೂಸನ್ನು ತನ್ನೆದೆಗೆ ಕಟ್ಟಿಕೊಂಡಿದ್ದ ಉದ್ದನೆಯ ಬಟ್ಟೆ ಬಿಚ್ಚಿ, ಅದರಲ್ಲೇ ಕೂಸನ್ನು ಸುಲ್ಮಾಳ ಎದೆಗೆ ಕಟ್ಟಿಬಿಟ್ಟಳು.

ಬೆಳಗಿನಿಂದ ಸುಲ್ಮಾಳ ಹೊಟ್ಟೆ ಉರಿಯುತ್ತಿತ್ತು. ಅತ್ತರೆ ಎತ್ತಿಕೊಳ್ಳುವುದಂತೆ, ಕೇಳಿದಾಗಲೆಲ್ಲ ಹಾಲಂತೆ! ಅವಳ ಕಾಲದಲ್ಲಿ ಮೊಂಟೆವಿಡಿಯೊದ ಡಾಕ್ಟರು, ಮೂರು ಗಂಟೆಗೊಮ್ಮೆ ಮಾತ್ರ ಹಾಲು, ಎತ್ತಿಕೊಂಡರೆ ಮಗು ಕೆಡುತ್ತದೆ ಎಂದಿದ್ದರು. ಮಗ ಒಳಗೆ ಅಳುತ್ತಿದ್ದರೆ ಅವಳು ಬಾಗಿಲಾಚೆ ಅಲಾರಂ ಗಡಿಯಾರ ಹಿಡಿದು ನಿಂತಿರುತ್ತಿದ್ದಳು. ಸೊಸೆಗೆ ಬುದ್ಧಿ ಬರಲೆಂದು ಇವತ್ತು ಅದೇ ಗಡಿಯಾರವನ್ನು ತಂದು ಮೇಜಿನ ಮೇಲೆ ಇಟ್ಟಿದ್ದಳು.

ಕೂಸು ಅವಳ ಕತ್ತಿಗೆ ಮೂಗು ಒತ್ತಿಕೊಂಡು ನಿದ್ದೆಹೋಯಿತು.

"ಕೊಡಿ ಅತ್ತೆ, ಹಾಲು ಕುಡಿಸ್ತೀನಿ," ಎನ್ನುತ್ತ ಯಮಿಲಾ ಒದ್ದೆ ಕೂದಲಲ್ಲೇ ಬಂದಳು.

ಸುಲ್ಮಾ ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು, ಸೊಸೆಗೆ ಬೆನ್ನು ಹಾಕಿ, ಗಡಿಯಾರದ ಮುಳ್ಳನ್ನು ಮೆಲ್ಲಗೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿದಳು.

"ಹಾಲು ಕುಡಿಸಿ ಮೂರು ಗಂಟೆ ಇನ್ನೂ ಆಗಿಲ್ಲ ಕಣೇ. ನಿಯಮ ಅಂದ್ರೆ ನಿಯಮ."