ಸಿಂಬಿ

ಎಣ್ಣೆ ಕಾಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌಂದರ್ಯಾ ಎದ್ದಳು. ಎದ್ದಳು ಅಂದರೆ ಸುಮ್ಮನೆ ಎದ್ದಳೇ? ಮೊದಲು ಒಂದು ಮಗ್ಗಲಿಗೆ ಹೊರಳಿ, ಮೊಣಕೈ ಊರಿ, ಹೆರಿಗೆಯಲ್ಲಿ ಹೊಲಿಗೆ ಬಿದ್ದ ಜಾಗ ಎಲ್ಲಿ ಎಳೆದೀತೋ ಎಂದು ಉಸಿರು ಹಿಡಿದು, ಗೋಡೆ ತಬ್ಬಿಕೊಂಡು ಎದ್ದಳು. ಅಷ್ಟರಲ್ಲಿ ಅವಳ ಅವ್ವ ಗುಂಡವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಬೆಚ್ಚನೆ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡಾಗಿತ್ತು.

"ಯವ್ವಾ, ಕೂಸಿನ ತಲಿ ಒತ್ತಬ್ಯಾಡ."

"ಒತ್ತದ ಏನ್ ಮಾಡ್ಲಿ? ಬದನಿಕಾಯಿ ತೊಟ್ಟಿನಂಗ ನಿಂತೈತಿ ನೋಡಿಲ್ಲಿ. ನಿಮ್ಮತ್ತಿ ಹೊರ್ತಿಯಿಂದ ಬಸ್ ಹತ್ಯಾಳಂತ. ಬಂದು ಇದರ ತಲಿ ನೋಡಿದ್ರ ಏನಂತಾಳ? ನಮ್ಮ ಸೊಸಿಗೆ ಹಡಿಯಾಕೂ ಬರಲಿಲ್ಲ ಅಂತಾಳ. ಅದೂ ಹೆಣ್ಣುಕೂಸು."

ಅವ್ವನ ಈ ಮಾತು ಸೌಂದರ್ಯಾಳಿಗೆ ನಾಟಿತು. ಅವಳೇನು ಕಮ್ಮಿ ತಿಣುಕಿದ್ದಳೇ? ಬಾಗೇವಾಡಿಯ ದವಾಖಾನೆಯಲ್ಲಿ ಕಣ್ಣಿಗೆ ಕತ್ತಲೆ ಬರುವ ತನಕ ಮುಕ್ಕಿದ್ದಳು. ಕೂಸಿನ ಎದೆಬಡಿತ ಇಳಿಯತೊಡಗಿದಾಗ ಡಾಕ್ಟರಮ್ಮ ಹತ್ತಿರ ಬಂದು, "ಇನ್ನ ತಡ ಮಾಡೂದು ಬ್ಯಾಡವ್ವ. ನೀ ಮುಕ್ಕು, ನಾ ಜಗ್ಗತೇನಿ, ಇಬ್ರೂ ಕೂಡಿ ಹೊರಗ ತರೂಣು" ಎಂದು ಅವಳ ಒಪ್ಪಿಗೆ ಕೇಳಿದ್ದಳು. ಆಮೇಲೆ ಕೂಸಿನ ನೆತ್ತಿಗೆ ಮೆತ್ತನೆಯ ಬಟ್ಟಲೊಂದನ್ನು ಗಾಳಿ ಎಳೆದು ಅಂಟಿಸಿ, ತಾಯಿಗೆ ಕೆಳಗೆ ಚೂರು ಕತ್ತರಿ ಹಾಕಿ, ಸೌಂದರ್ಯಾ ಮುಕ್ಕಿದಾಗೆಲ್ಲ ಮೆಲ್ಲಗೆ ಜಗ್ಗಿ ತೆಗೆದು, ಕತ್ತರಿಸಿದ್ದನ್ನು ಹೊಲಿದಿದ್ದಳು. ಬಟ್ಟಲು ಕೂತಿದ್ದ ಕಡೆ ಗುಬುಟು ಎದ್ದಿತ್ತು. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ, ಕಂದಿದ್ದು ಹೋಗಲು ಇನ್ನಷ್ಟು ದಿನ ಹಿಡಿದೀತು, ಯಾರೂ ಒತ್ತಬಾರದು, ತಿಕ್ಕಬಾರದು ಎಂದು ನರ್ಸಬಾಯಿ ಹೇಳಿ ಕಳಿಸಿದ್ದಳು. ಗುಂಡವ್ವನೂ ಹೂಂ ಹೂಂ ಎಂದು ತಲೆ ಆಡಿಸಿದ್ದಳು. ಆದರೆ ಎಳೆಕೂಸಿನ ತಲೆಗೆ ಎಣ್ಣೆ ಹಚ್ಚಿ, ಒತ್ತಿ ಒತ್ತಿ ದುಂಡಗೆ ಮಾಡುವುದು ಅವಳ ಕೈಗೆ ರೊಟ್ಟಿ ಬಡಿದಷ್ಟೇ ರೂಢಿ.

"ನಿನ್ನ ತಲಿನೂ ನಾನ ಒತ್ತೇನಿ. ಏನಾಗೇತಿ ಈಗ ನಿನಗ?"

"ಬಾವು ಬಂದಲ್ಲಿ ಯಾರರ ಒತ್ತತಾರೇನಬೇ? ನನಗೂ ಕೆಳಗ ಬಾವು ಬಂದೈತಿ. ಮೊದಲ ಅದನ್ನ ಒತ್ತು ಬಾ, ಆಮ್ಯಾಲ ಕೂಸಿನ ತಲಿಗೆ ಕೈ ಹಚ್ಚು."

"ಥೂ, ನಾಚಿಕಿಲ್ಲದಾಕಿ. ಓಣ್ಯಾಗ ಯಾರರ ಕೇಳ್ಯಾರು."

ಬಯ್ದಳೇನೋ ಹೌದು, ಆದರೆ ಎಣ್ಣೆಯ ಕೈ ಅಲ್ಲೇ ನಿಂತಿತು. ಒಂದು ಗಳಿಗೆ ನಿಂತು, ಕೂಸಿನ ಬೆನ್ನಿಗೆ ಇಳಿಯಿತು. ಮೈಗೆ ನೀರು ಹಾಕುತ್ತ ಗುಂಡವ್ವ ಗೊಣಗುತ್ತಲೇ ಇದ್ದಳು. "ಹಸಿಮೈಯಾಕಿ ಹಿಂಗ ಗಾಣ ತಿರಗಿದಂಗ ತಿರಗಬಾರದು. ಒಂದ ಕಡೆ ಕುಂದ್ರು ಅಂದ್ರ ಕುಂದ್ರವಲ್ಲಿ."

ಸೌಂದರ್ಯಾ ಕೂಡಲಿಲ್ಲ. ದವಾಖಾನೆಯಿಂದ ಬಂದಾಗಿನಿಂದ ಅವಳು ಕೂತೇ ಇಲ್ಲ. ಹಾಲು ಕುಡಿಸುವುದು ಮಗ್ಗಲಾಗಿ ಮಲಗಿ, ಉಣ್ಣುವುದು ಗೋಡೆಗೆ ಆತು ನಿಂತು. ಅದೂ ಅರ್ಧ ರೊಟ್ಟಿ. ಪೂರ್ತಿ ಉಂಡರೆ ಪಾಯಖಾನೆಗೆ ಹೋಗಬೇಕಾದೀತು, ಹೋದರೆ ಹೊಲಿಗೆ ಬಿಚ್ಚೀತು ಎಂಬ ಅಂಜಿಕೆ. ಹೊಲಿಗೆ ಹಾಗೆಲ್ಲ ಬಿಚ್ಚುವುದಿಲ್ಲ, ನೀರು ಹೆಚ್ಚು ಕುಡಿ ಎಂದು ನರ್ಸಬಾಯಿ ಹೇಳಿದ್ದಳು. ನೀರು ಕುಡಿದರೆ ಬಾಣಂತಿಯ ಹೊಟ್ಟೆ ಬರುತ್ತದೆ ಎಂದು ಅವ್ವ ತಂಬಿಗೆ ಎತ್ತಿಟ್ಟಿದ್ದಳು. ಇನ್ನು ಸುಮ್ಮನೆ ಇರುವುದು ಹೇಗೆ? ತೊಟ್ಟಿಲಿಂದ ಬಾಗಿಲಿಗೆ, ಬಾಗಿಲಿಂದ ತೊಟ್ಟಿಲಿಗೆ ತಿರುಗುತ್ತಿದ್ದಳು. ನೋಡಲು ಬಂದವರೆಲ್ಲ ಕೂಸಿನ ತಲೆ ನೋಡಿ, ಲೊಚಗುಟ್ಟಿ, ಚಹಾ ಕುಡಿದು ಹೋಗಿದ್ದರು.

ಬಾಗಿಲಲ್ಲಿ ಬಳೆಯ ಸದ್ದಾಯಿತು. ಅತ್ತೆ ಇಂದ್ರಾಬಾಯಿ ತಲೆಯ ಮೇಲೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಬುಟ್ಟಿ ಹೊತ್ತು ಬಂದು ನಿಂತಿದ್ದಳು. ಗುಂಡವ್ವ ಬಚ್ಚಲಲ್ಲೇ ಗಡಬಡಿಸಿ ಕೂಸಿನ ಮೈ ಒರೆಸಿ, ತಲೆಗೆ ಕುಂಚಿಗೆ ಹೊದಿಸಿ, ಹಣೆ ಮುಚ್ಚುವಂತೆ ಎಳೆದು ಗಂಟು ಹಾಕಿ ಹೊರಗೆ ಬಂದಳು. "ಬರ್ರಿ ಬೀಗ್ತಿ, ಬಿಸಲಾಗ ಬಂದ್ರಿ, ಕುಂದರ್ರಿ." ಸೌಂದರ್ಯಾಳಿಗೆ ತಡೆಯಲಾಗಲಿಲ್ಲ. ಅವ್ವನ ಕೈಯಿಂದ ಕೂಸನ್ನು ತೆಗೆದುಕೊಂಡವಳೇ ಗಂಟು ಬಿಚ್ಚಿ ಕುಂಚಿಗೆ ಹಿಂದಕ್ಕೆ ಸರಿಸಿದಳು.

"ನೋಡ್ರಿ ಅತ್ತಿ. ಮುಚ್ಚಿ ಏನ್ ಮಾಡೂದೈತಿ. ನನ್ನ ಕೈಲೆ ಆಗಲಿಲ್ಲ, ಜಗ್ಗಿ ತಗದ್ರು."

"ಒಂದೆರಡ ದಿನಕ್ಕ ತಾನ ಇಳಿತೈತಂತ್ರಿ," ಗುಂಡವ್ವ ನಡುವೆ ಬಾಯಿ ಹಾಕಿದಳು. "ನರ್ಸಬಾಯಿ ಹೇಳ್ಯಾಳ. ಒತ್ತಬಾರದಂತ, ತಿಕ್ಕಬಾರದಂತ."

ಇಂದ್ರಾಬಾಯಿ ಬುಟ್ಟಿ ಇಳಿಸಿ, ಬೆರಳ ಹಿಂಬದಿಯಿಂದ ಕೂಸಿನ ಗಲ್ಲ ಮುಟ್ಟಿದಳು. ಗುಬುಟು ನೋಡಿದಳು. ಆಮೇಲೆ ಅವಳ ಕಣ್ಣು ಸೊಸೆಯ ಕಾಲಿನ ಮೇಲೆ ಬಿತ್ತು. ಭಾರ ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ ಬೀಳುತ್ತಿತ್ತು. ಬುಟ್ಟಿಯ ಅಡಿಗೆಂದು ಹಳೆಯ ಸೀರೆ ಸುತ್ತಿ ಮಾಡಿಕೊಂಡಿದ್ದ ಸಿಂಬಿ ಇನ್ನೂ ಅವಳ ತಲೆಯ ಮೇಲೇ ಇತ್ತು. ಅದನ್ನು ತೆಗೆದು, ಸಡಿಲ ಮಾಡಿ ಅಗಲಕ್ಕೆ ಸುತ್ತಿ, ಗೋಡೆಯ ಬದಿಗೆ ನೆಲದ ಮೇಲೆ ಇಟ್ಟಳು.

"ಕುಂದ್ರಾಕ ಬರವಲ್ದೇನವ್ವಾ ನಿನಗ? ಇದರ ಮ್ಯಾಲ ಮೆಲ್ಲಕ ಕುಂದ್ರು. ನಡುವ ಖಾಲಿ ಇರತೈತಿ, ಹೊಲಿಗಿಗೆ ನೆಲ ತಾಗೂದಿಲ್ಲ."

ಸೌಂದರ್ಯಾ ಅತ್ತೆಯ ಭುಜ ಹಿಡಿದು ಇಳಿಯತೊಡಗಿದಳು. ಅವಳ ಭಾರವನ್ನು ತಾಳಿಕೊಳ್ಳುತ್ತ ಇಂದ್ರಾಬಾಯಿ ಮೆಲ್ಲಗೆ ಅಂದಳು:

"ನಿನ್ನ ಗಂಡನ್ನ ಇಕ್ಕಳ ಹಚ್ಚಿ ತಗದಿದ್ರು. ಅವನ ಗಲ್ಲದ ಮ್ಯಾಗಿನ ಕಲಿ ನೋಡಾಕ ಊರಿಗೂರ ಬಂದು ಕುಂತಿತ್ತು. ನಾ ಒಬ್ಬಾಕಿ ನಿಂತಿದ್ದೆ."