ನಿಂಬೆ ಬುಡದ ನೀರು

ನಿಂಬೆ ಎಲೆ ಹಿಚುಕಿದರೆ ಈಗಲೂ ಕೊಳತ್ತೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಬಾವಿಯ ತಳ ಕಾಣುತ್ತಿದ್ದ ಬೇಸಿಗೆ. ಸೋದರತ್ತೆಯನ್ನು ನೋಡಲು ಸೇಲಂನಿಂದ ಗಂಡಿನವರು ಬಂದಿದ್ದರು. ನಮ್ಮಲ್ಲಿ ಕೈತೊಳೆದ ನೀರೆಲ್ಲ ನಿಂಬೆಗಿಡಕ್ಕೇ ಹೋಗಬೇಕು. ಊಟ ಮುಗಿಸಿ ಗಂಡಿನ ತಾಯಿ ಅಂಗಳದ ಕಲ್ಲಿನ ಮೇಲೆ ನಿಂತಾಗ, ಚೆಂಬು ಹಿಡಿದಿದ್ದ ಅತ್ತೆ ಅಭ್ಯಾಸಬಲದಿಂದ, "ಅಲ್ಲಿ ಬ್ಯಾಡಿ, ಗಿಡದ ಬುಡಕ್ಕೆ ಬನ್ನಿ" ಎಂದುಬಿಟ್ಟಳು.

"ಸಂಬಂಧ ಓಯ್ತು ಲೇ!" ಅಜ್ಜಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಗಂಡಿನ ತಾಯಿ ಬುಡಕ್ಕೇ ಹೋಗಿ ಕೈಯೊಡ್ಡಿದರು. ಆಮೇಲೆ ಮಗನನ್ನು ಕೂಗಿದರು: "ಡೇಯ್, ನೀನೂ ಇಲ್ಲೇ ಬಾರ್ಲಾ. ಗಿಡ ಒಣಗೈತೆ."

ಗಿಡದ ತುಂಬ ಹೂವಿತ್ತೆಂದೇ ನನ್ನ ನೆನಪು. "ಹೂವೆಲ್ಲಿತ್ತು, ಮೊಣಕಾಲುದ್ದದ ಗಿಡ" ಎಂದು ಅತ್ತೆ ನಗುತ್ತಾಳೆ, ಸೇಲಂನ ತನ್ನ ಮನೆಯಲ್ಲಿ, ಊಟವಾದ ಮೇಲೆ ನನ್ನನ್ನು ಹಿತ್ತಲಿನ ನಿಂಬೆಯ ಬುಡಕ್ಕೆ ಕರೆದೊಯ್ಯುತ್ತ.