ರಾಮಸ್ವಾಮಿ ಸರ್ಕಲ್‌ನ ಕೆಂಪು ದೀಪ

ಮೈಸೂರಿನ ಬೀದಿಗಳನ್ನು ಇದ್ದ ಹಾಗೇ ಇಳಿಸಿದ್ದ ಕಾರ್ ರೇಸ್ ವಿಡಿಯೊ ಗೇಮ್ ಅದು. ಅಪ್ಪನ ವಿರುದ್ಧ ಗೆದ್ದರೆ ಸ್ಕೂಟರ್ ಕೀ ಮಗಳಿಗೆ, ಸೋತರೆ ಕಾಲೇಜಿಗೆ ಸಿಟಿ ಬಸ್ಸೇ ಗತಿ.

“ಸಿಗ್ನಲ್ ಜಂಪ್ ಮಾಡಿ ಗೆದ್ರೆ ಕೀ ಕೊಡಲ್ಲ,” ಎಂದು ಅಪ್ಪ ಮೊದಲೇ ಹೇಳಿದ್ದರು.

“ಆಯ್ತಪ್ಪ, ಮೊದ್ಲು ನಿಮ್ ಗಾಡಿ ಫುಟ್‌ಪಾತಿಂದ ಇಳ್ಸಿ,” ಎಂದು ಮಗಳು ನಕ್ಕಳು.

ಅವಳ ಕಾರು ಬಹಳ ಮುಂದಿತ್ತು. ರಾಮಸ್ವಾಮಿ ಸರ್ಕಲ್‌ನಲ್ಲಿ ಕೆಂಪು ದೀಪ ಬಿತ್ತು. ಅವಳು ನಿಲ್ಲಿಸಿದಳು. ಹಿಂದಿನಿಂದ ಬಂದ ಅಪ್ಪನ ಕಾರು ನಿಲ್ಲದೆ ನುಗ್ಗಿ ರೇಸ್ ಮುಗಿಸಿತು.

“ಮೋಸ. ಸಿಗ್ನಲ್ ಜಂಪ್ ಮಾಡಿದ್ದು ನೀವೇ ಅಲ್ವಾ?”

“ಸರ್ಕಲ್ಲಲ್ಲಿ ಪೊಲೀಸ್ನೋರು ಯಾರಾದ್ರೂ ಇದ್ರೇನಮ್ಮಾ?” ಎನ್ನುತ್ತ ಅಪ್ಪ ಕೀಯನ್ನು ಜೇಬಿಗಿಳಿಸಿ, ಟ್ರಾಫಿಕ್ ಇನ್‌ಸ್ಪೆಕ್ಟರ್ ಟೋಪಿ ತಲೆಗಿಟ್ಟುಕೊಂಡು ಡ್ಯೂಟಿಗೆ ಹೊರಟರು.